ಬೀಟ್‌ರೂಟ್ ಇಲ್ಲದ ಬೋರ್ಶ್: ಒಂದು ಹುಳಿ ಸಾರಿನ ಹೆಸರಿನ ಜಾಡು

2022ರ ಜುಲೈ 1ರಂದು ಯುನೆಸ್ಕೋ ಒಂದು ಸಾರನ್ನು ತನ್ನ ಪಟ್ಟಿಗೆ ಸೇರಿಸಿತು. ಉಕ್ರೇನಿನಲ್ಲಿ ಬೋರ್ಶ್ ಎಂಬ ಬೀಟ್‌ರೂಟಿನ ಕೆಂಪು ಸಾರು ಮಾಡುವ ಸಂಪ್ರದಾಯಕ್ಕೆ ತುರ್ತು ರಕ್ಷಣೆ ಬೇಕು ಎಂದಿತು. ಯುದ್ಧ ಶುರುವಾಗಿ ಆಗ ನಾಲ್ಕು ತಿಂಗಳು ದಾಟಿತ್ತು. ಬೋರ್ಶ್ ಯುದ್ಧದಲ್ಲಿ ಗೆದ್ದೆವು ಎಂದು ಉಕ್ರೇನಿನ ಸಂಸ್ಕೃತಿ ಸಚಿವರು ಬೀಗಿದರು. ರಷ್ಯಾದ ವಿದೇಶಾಂಗ ವಕ್ತಾರೆ ಮರಿಯಾ ಝಖರೋವಾ ಗೇಲಿ ಮಾಡಿದರು. ಜಗಳ ಆವತ್ತಿನದಲ್ಲ. 2019ರಲ್ಲೇ ರಷ್ಯಾದ ಅಧಿಕೃತ ಟ್ವಿಟರ್ ಖಾತೆ ಬೋರ್ಶ್ ರಷ್ಯಾದ ಹೆಸರಾಂತ ಅಡುಗೆ ಎಂದು ಬರೆದು ಉಕ್ರೇನಿನವರ ಕೋಪಕ್ಕೆ ಗುರಿಯಾಗಿತ್ತು. ಆಮೇಲೆ ಯೆವ್ಹೆನ್ ಕ್ಲೊಪೊಟೆಂಕೊ ಎಂಬ ಕೀವ್‌ನ ಬಾಣಸಿಗ ಇದನ್ನು ಯುನೆಸ್ಕೋವರೆಗೆ ಒಯ್ಯಲೇಬೇಕೆಂದು ಓಡಾಡಿದರು.

ಇಂಥ ಜಗಳದಲ್ಲಿ ಒಂದು ಹಂತ ತಪ್ಪದೇ ಬರುತ್ತದೆ. ಯಾರೋ ಒಬ್ಬರು ನಿಘಂಟು ತೆಗೆಯುತ್ತಾರೆ. "ಹೆಸರು ನಮ್ಮ ಭಾಷೆಯದು, ಹಾಗಾಗಿ ಅಡುಗೆಯೂ ನಮ್ಮದು" ಅನ್ನುತ್ತಾರೆ. ಬೋರ್ಶ್ ವಿಷಯದಲ್ಲಿ ನಿಘಂಟು ತೆಗೆದವರಿಗೆ ಮಾತ್ರ ಸ್ವಲ್ಪ ಪೇಚು. ಏಕೆಂದರೆ ಆ ಹೆಸರು ಮೊದಲಿಗೆ ಸಾರಿನದೇ ಆಗಿರಲಿಲ್ಲ. ಬೀಟ್‌ರೂಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅದು ಬೇಲಿ ಬದಿಯಲ್ಲಿ ಬೆಳೆಯುವ ಒಂದು ಕಳೆಗಿಡದ ಹೆಸರು.

ಭಾಷಾಶಾಸ್ತ್ರಜ್ಞರು ಆ ಹಳೆಯ ಹೆಸರನ್ನು ಹೀಗೆ ಬರೆಯುತ್ತಾರೆ: *ಬುರ್ಶ್ಚಿ. ಇದು ಮೂಲ ಸ್ಲಾವಿಕ್ ಪದ. ರಷ್ಯನ್, ಉಕ್ರೇನಿಯನ್, ಪೋಲಿಷ್, ಜೆಕ್, ಸರ್ಬಿಯನ್, ಬಲ್ಗೇರಿಯನ್ ಎಲ್ಲಕ್ಕೂ ತಾಯಿಯಾದ ಭಾಷೆ ಅದು. ಇದರಲ್ಲಿರುವ ಉಕಾರ, ಇಕಾರಗಳನ್ನು ತೀರಾ ಗಿಡ್ಡವಾಗಿ, ಅರ್ಧ ನುಂಗಿದಂತೆ ಹೇಳಬೇಕು. ಮುಂದಿರುವ ನಕ್ಷತ್ರ ಚಿಹ್ನೆಗೂ ಒಂದು ಅರ್ಥವಿದೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ನಾವು ಲೆಕ್ಕ ಹಾಕಿ ಕಟ್ಟಿದ್ದೇವೆ ಎಂದು ಆ ಚುಕ್ಕಿ ಒಪ್ಪಿಕೊಳ್ಳುತ್ತದೆ. ಸ್ಲಾವ್ ಜನರಿಗೆ ಲಿಪಿ ಬಂದದ್ದು 9ನೇ ಶತಮಾನದಲ್ಲಿ, ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರ ಕಾಲಕ್ಕೆ. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದು. ಹಲ್ಮಿಡಿಯಲ್ಲಿ ಕಲ್ಲು ಕೊರೆಯುತ್ತಿದ್ದಾಗ ಮೂಲ ಸ್ಲಾವಿಕ್ ಇನ್ನೂ ಬರೀ ಬಾಯಿಮಾತಿನ ಭಾಷೆ.

ಬರೆದಿಡದ ಪದವನ್ನು ಕಟ್ಟುವುದು ಹೇಗೆ? ನಮ್ಮ ಅಡುಗೆಮನೆಯಲ್ಲೇ ಒಂದು ಉದಾಹರಣೆ ಇದೆ. ಕನ್ನಡದಲ್ಲಿ ಹುಳಿ. ತಮಿಳು, ಮಲಯಾಳ, ತುಳುವಿನಲ್ಲಿ ಪುಳಿ. ತೆಲುಗಿನಲ್ಲಿ ಪುಲುಸು, ಪುಲುಪು. ಕನ್ನಡ ಮಾತ್ರ ಹಕಾರ ಹಿಡಿದುಕೊಂಡು ನಿಂತಿದೆ. ಇದೊಂದೇ ಪದವಾಗಿದ್ದರೆ ಏನೋ ಆಗಿದೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ನಮ್ಮಲ್ಲಿ ಹುಲಿ, ಪಲ್ ನಮ್ಮಲ್ಲಿ ಹಲ್ಲು. ಸಾಲುಸಾಲಾಗಿ ಒಂದೇ ಬದಲಾವಣೆ. ಹಾಗಾದರೆ ಮೂಲದಲ್ಲಿ ಪಕಾರ ಇತ್ತು, ಕನ್ನಡದಲ್ಲಿ ಅದು ಹಕಾರವಾಯಿತು ಎಂದು ಧೈರ್ಯವಾಗಿ ಹೇಳಬಹುದು. ಹಳಗನ್ನಡ ಕಾವ್ಯದಲ್ಲಿ ಪಾಲ್, ಪುಲಿ ಸಿಗುವುದರಿಂದ ನಮಗೆ ಸಾಕ್ಷಿಯೂ ಇದೆ.

ಬೋರ್ಶ್‌ಗೂ ಇದೇ ಲೆಕ್ಕ. ರಷ್ಯನ್ನಿನಲ್ಲಿ ಸಂತೆ ವ್ಯಾಪಾರಕ್ಕೆ ತೋರ್ಗ್. ಪೋಲಿಷಿನಲ್ಲಿ ತಾರ್ಗ್. ಜೆಕ್‌ನಲ್ಲಿ ತೃಹ್. ಗೂನಿಗೆ ರಷ್ಯನ್ನರು ಗೋರ್ಬ್, ಪೋಲರು ಗಾರ್ಬ್, ಜೆಕ್ಕರು ಹೃಬ್ ಅನ್ನುತ್ತಾರೆ. ಗಂಟಲಿಗೆ ಗೋರ್ಲೊ, ಗಾರ್ದ್ವೊ, ಹೃದ್ಲೊ. ಗಮನಿಸಿದಿರಾ? ಒಂದು ಕಡೆ ಓರ್, ಇನ್ನೊಂದು ಕಡೆ ಆರ್, ಮೂರನೆಯ ಕಡೆ ಸ್ವರವೇ ಮಾಯ, ಬರೀ ಋಕಾರ. ಈಗ ನಮ್ಮ ಪದಕ್ಕೆ ಬನ್ನಿ. ರಷ್ಯನ್, ಉಕ್ರೇನಿಯನ್ ಬೋರ್ಶ್ಚ್. ಪೋಲಿಷ್ ಬಾರ್ಶ್ಚ್. ಹಳೆಯ ಜೆಕ್ ಬೃಶ್ತ್. ಅದೇ ಸಾಲು, ಅದೇ ಜಾಗ. ಈ ಮೂರಕ್ಕೂ ಮೂಲವಾಗಿ ಗಿಡ್ಡ ಉಕಾರ ಮತ್ತು ರಕಾರ ಇಟ್ಟರೆ ಎಲ್ಲ ಸರಿಹೋಗುತ್ತದೆ. ಕೊನೆಯ ಇಕಾರ ಎಲ್ಲ ಕಡೆಯೂ ಬಿದ್ದುಹೋಗಿದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಸುಮ್ಮನೆಯನ್ನು ಸುಮ್ನೆ ಮಾಡಿದೆವು, ಅವರು ಪದದ ಕೊನೆಯದನ್ನೂ ಬಿಡಲಿಲ್ಲ.

ಅರ್ಥದ ಕಥೆ ಇನ್ನೂ ಸ್ವಾರಸ್ಯ. ಜೆಕ್ ಬೃಶ್ತ್ ಎಂದರೆ ಸಾರಲ್ಲ, ಗಿಡ. ಪೋಲಿಷ್ ಬಾರ್ಶ್ಚ್ ಸಾರೂ ಹೌದು, ಗಿಡವೂ ಹೌದು. ರಷ್ಯನ್ನಿನಲ್ಲಿ ಗಿಡಕ್ಕೆ ಈಗ ಬೋರ್ಶ್ಚೆವಿಕ್ ಎನ್ನುತ್ತಾರೆ. ಗಿಡದ ಶಾಸ್ತ್ರೀಯ ಹೆಸರು ಹೆರಾಕ್ಲಿಯಮ್ ಸ್ಫಾಂಡಿಲಿಯಮ್. ಕೊತ್ತಂಬರಿ, ಸಬ್ಬಸಿಗೆ, ಕ್ಯಾರೆಟ್‌ಗಳ ಕುಟುಂಬದ್ದು. ಆಳೆತ್ತರದ ಟೊಳ್ಳು ದಂಟು, ಮೇಲೆ ಕೊಡೆಯಂಥ ಬಿಳಿ ಹೂಗೊಂಚಲು, ಎಲೆಯ ಅಂಚು ಹರಿದ ಹಾಗೆ ಚೂಪುಚೂಪು.

ಆ ಚೂಪೇ ಹೆಸರಿನ ಮೂಲ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಮುಳ್ಳು, ಮೊನೆ ಎಂಬರ್ಥದ ಒಂದು ಇಂಡೋ-ಯುರೋಪಿಯನ್ ಬೇರಿನಿಂದ ಇದು ಬಂದಿದೆ ಎಂಬುದು ಅವರ ವಾದ. ಬಿರುಗೂದಲಿಗೆ ಜರ್ಮನ್ನರು ಹೇಳುವ ಬೋರ್ಸ್ಟ, ಹಲ್ಲುಜ್ಜುವ ಬ್ರಶ್‌ನ ಡಬ್ಬಿಯ ಮೇಲೆ ನಾವು ಓದುವ ಬ್ರಿಸಲ್, ಎರಡೂ ಈ ಬೇರಿನ ನೆಂಟರು. ಸಂಸ್ಕೃತದ ನೆಂಟ ಭೃಷ್ಟಿ. ಋಗ್ವೇದದಲ್ಲಿ ಇಂದ್ರನ ವಜ್ರಾಯುಧವನ್ನು ಸಹಸ್ರಭೃಷ್ಟಿ ಎಂದು ಕರೆದಿದ್ದಾರೆ. ಸಾವಿರ ಮೊನೆಗಳದ್ದು ಎಂದರ್ಥ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಹುರಿದದ್ದು ಎಂಬರ್ಥದ ಭೃಷ್ಟ ಬೇರೆ ಧಾತುವಿನದು, ಅದನ್ನು ಇಲ್ಲಿಗೆ ತರಬೇಡಿ. ಅಡುಗೆಯ ಹೆಸರಾದ್ದರಿಂದ ತರಬೇಕು ಅನ್ನಿಸುವುದು ಸಹಜ, ಆದರೆ ಬೋರ್ಶ್ ಅನ್ನು ಯಾರೂ ಹುರಿಯುವುದಿಲ್ಲ! ಇನ್ನೊಂದು, ಜೆಕ್ ಬೃಶ್ತ್ ಮತ್ತು ಸಂಸ್ಕೃತ ಭೃಷ್ಟಿ ಕನ್ನಡ ಲಿಪಿಯಲ್ಲಿ ಅವಳಿಗಳಂತೆ ಕಾಣುತ್ತವೆ. ಎರಡರಲ್ಲೂ ಋಕಾರ. ನೋಡಿದ ಕೂಡಲೇ "ಆಹಾ, ವೇದಕಾಲದ ಉಚ್ಚಾರ ಜೆಕ್‌ನಲ್ಲಿ ಉಳಿದಿದೆ" ಎಂದು ಬರೆದುಬಿಡುವವರಿದ್ದಾರೆ. ನಡೆದದ್ದು ಹಾಗಲ್ಲ. ಮೂಲದ ಋಕಾರ ಸ್ಲಾವಿಕ್ ಹುಟ್ಟುವ ಮುಂಚೆಯೇ ಒಡೆದು ಉರ್ ಆಗಿತ್ತು. ಎಷ್ಟೋ ಶತಮಾನಗಳ ಮೇಲೆ ಜೆಕ್ ಆ ಉಕಾರವನ್ನು ನುಂಗಿದಾಗ ರಕಾರ ಮತ್ತೆ ಒಂಟಿಯಾಯಿತು, ಮತ್ತೆ ಋಕಾರವಾಯಿತು. ಊರೆಲ್ಲ ಸುತ್ತಿ ಮನೆ ಬಾಗಿಲಿಗೇ ಬಂದ ಹಾಗೆ. ನೆಂಟಸ್ತನ ನಿಜ, ಮುಖದ ಹೋಲಿಕೆ ಮಾತ್ರ ಕಾಕತಾಳೀಯ.

ಸರಿ, ಕಳೆಗಿಡ ಸಾರಾದದ್ದು ಹೇಗೆ? 16-17ನೇ ಶತಮಾನದ ಪೋಲಿಷ್ ಗಿಡಮೂಲಿಕೆ ಪುಸ್ತಕಗಳಲ್ಲಿ ಉತ್ತರವಿದೆ. 1595ರಲ್ಲಿ ಅಚ್ಚಾದ ಮಾರ್ಚಿನ್ ಉಝೆಂದೂಫ್‌ನದು ಒಂದು, 1613ರ ಶಿಮೋನ್ ಸಿರೆನ್ಸ್ಕಿಯದು ಇನ್ನೊಂದು. ಎಳೆಯ ದಂಟು, ಎಲೆ ಹೆಚ್ಚಿ, ನೀರು ಹಾಕಿ, ಬೆಚ್ಚಗಿರುವ ಕಡೆ ಕೆಲವು ದಿನ ಇಡುತ್ತಿದ್ದರು. ನಾವು ದೋಸೆ ಹಿಟ್ಟಿಗೆ ಹುಳಿ ಬರಿಸುತ್ತೇವಲ್ಲ, ಅದೇ ಕೆಲಸ. ಹುಳಿ ಬಂದ ಆ ನೀರನ್ನು ಹಾಗೇ ಕುಡಿಯುತ್ತಿದ್ದರು. ಇಲ್ಲವೇ ಮಾಂಸದ ಕಟ್ಟಿಗೋ ಕೆನೆಗೋ ಹಾಕಿ ಕುದಿಸುತ್ತಿದ್ದರು. ಪೋಲೆಂಡ್, ಲಿಥುವೇನಿಯಾ, ಈಗಿನ ಉಕ್ರೇನ್ ಮತ್ತು ಬೆಲಾರುಸ್ ಸೀಮೆಗಳಲ್ಲೆಲ್ಲ ಇದು ಸಾಮಾನ್ಯ ಊಟ. ಮನೆವಾರ್ತೆ ಹೇಗೆ ನಡೆಸಬೇಕೆಂದು ಹೇಳುವ 16ನೇ ಶತಮಾನದ ರಷ್ಯನ್ ಪುಸ್ತಕ ದೊಮೊಸ್ತ್ರೋಯ್ ಬೇಲಿಯ ಸುತ್ತ ಬೋರ್ಶ್ ಬಿತ್ತಿ ಎನ್ನುತ್ತದೆ. ಬೇಲಿಯ ಸುತ್ತ ಬಿತ್ತುವುದೆಂದರೆ ಅದು ಸಾರಾಗಿರಲು ಸಾಧ್ಯವೇ ಇಲ್ಲ, ಅಲ್ವಾ? 1584ರಲ್ಲಿ ಕೀವ್‌ಗೆ ಬಂದ ಮಾರ್ಟಿನ್ ಗ್ರೂನೆವೆಗ್ ಎಂಬ ಜರ್ಮನ್ ವ್ಯಾಪಾರಿಯ ಬರಹದಲ್ಲೂ ಬೋರ್ಶ್ ಇದೆ. ಇಲ್ಲಿನವರು ಅದನ್ನು ಪೇಟೆಯಲ್ಲಿ ಕೊಳ್ಳುವುದು ಅಪರೂಪ, ಎಲ್ಲರ ಮನೆಯಲ್ಲೂ ಮಾಡುತ್ತಾರೆ ಎಂಬ ಅರ್ಥದ ಮಾತು ಅವನದು.

ಬಡವರ ಸೊಪ್ಪು, ಖರ್ಚಿಲ್ಲದ ಹುಳಿ. ಇಲ್ಲಿಂದ ಹೆಸರು ಗಿಡವನ್ನು ಬಿಟ್ಟು ಹುಳಿಯ ಬೆನ್ನು ಹತ್ತಿತು. ಯಾವುದರಿಂದ ಹುಳಿ ಬರಿಸಿದರೂ ಬೋರ್ಶ್ ಎನ್ನತೊಡಗಿದರು. ರೈ ಅಥವಾ ಗೋಧಿ ಹಿಟ್ಟು ಹುಳಿ ಬರಿಸಿ ಮಾಡಿದ್ದು ಪೋಲೆಂಡಿನ ಬಿಳಿ ಬಾರ್ಶ್ಚ್. ನಮ್ಮ ಪುಂಡಿಪಲ್ಯದ ಹಾಗೆ ತಾನೇ ಹುಳಿಯಿರುವ ಒಂದು ಸೊಪ್ಪಿನಿಂದ ಮಾಡಿದ್ದು ಉಕ್ರೇನಿನ ಹಸಿರು ಬೋರ್ಶ್. ಬೀಟ್‌ರೂಟನ್ನು ನೀರಿನಲ್ಲಿ ಹುಳಿ ಬರಿಸಿ ಆ ಕೆಂಪು ನೀರಿನಿಂದ ಮಾಡಿದ್ದು ಇಂದು ಜಗತ್ತಿಗೆ ಗೊತ್ತಿರುವ ಬೋರ್ಶ್. ಬೀಟ್‌ರೂಟ್ ಈ ಕಥೆಗೆ ತಡವಾಗಿ ಬಂದ ಸೊಸೆ. ರಷ್ಯನ್ನಿನಲ್ಲಿ ಅದಕ್ಕಿರುವ ಸ್ವ್ಯೋಕ್ಲ ಎಂಬ ಹೆಸರೂ ಗ್ರೀಕ್‌ನಿಂದ ತಂದದ್ದು. ಟೊಮೆಟೊ, ಆಲೂಗಡ್ಡೆ ಇನ್ನೂ ಈಚಿನವು, ಅಮೆರಿಕ ಖಂಡದಿಂದ ಬಂದವು. ಇಷ್ಟೆಲ್ಲ ಆದಮೇಲೆ ಪಾತ್ರೆಯಲ್ಲಿ ಮೂಲದ ಕಳೆಗಿಡದ ಒಂದು ಎಲೆಯೂ ಉಳಿದಿಲ್ಲ. ಹೆಸರು ಉಳಿದಿದೆ, ಹುಳಿ ಉಳಿದಿದೆ.

ನಮ್ಮ ಹುಳಿ ಇದೇ ದಾರಿಯನ್ನು ಬೇರೆ ತುದಿಯಿಂದ ನಡೆದಿದೆ. ನಮ್ಮಲ್ಲಿ ರುಚಿಯ ಹೆಸರೇ ಅಡುಗೆಯ ಹೆಸರಾಯಿತು. ಬೇಳೆ, ತರಕಾರಿ, ಹುಣಸೆ ಎಲ್ಲ ಸೇರಿದ್ದಕ್ಕೆ ಹುಳಿ ಅಂದುಬಿಟ್ಟೆವು. ತಮಿಳಿನವರು ಅದೇ ಪದವನ್ನು ಹುಣಸೆಹಣ್ಣಿಗೆ ಕೊಟ್ಟರು. ಇವತ್ತು ನಮ್ಮ ಕೆಲವು ಮನೆಗಳ ಹುಳಿಯಲ್ಲಿ ಬೆಲ್ಲವೇ ಜಾಸ್ತಿ, ಹೆಸರು ಮಾತ್ರ ಹುಳಿ.

ಪೋಲೆಂಡಿನಲ್ಲಿ ಈ ಹಳೆಯ ಹೆಸರು ಈಗಲೂ ಒಂದು ಗೊಂದಲ ಹುಟ್ಟಿಸುತ್ತದೆ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದಲ್ಲಿ ದನಗಳ ಮೇವಿಗೆಂದು ಕಾಕಸಸ್ ಬೆಟ್ಟಗಳ ಒಂದು ದೈತ್ಯ ಗಿಡವನ್ನು ಹಬ್ಬಿಸಿದರು. ಇದೇ ಹೆರಾಕ್ಲಿಯಮ್ ಜಾತಿಯದು, ಮೂರು ಮೀಟರ್ ದಾಟಿ ಬೆಳೆಯುತ್ತದೆ. ಅದರ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಈಗ ಅದು ರಷ್ಯಾ, ಬಾಲ್ಟಿಕ್ ದೇಶಗಳು, ಪೋಲೆಂಡ್ ಎಲ್ಲ ಕಡೆ ಹೊಲ ಬಿಟ್ಟು ಬೀದಿಗೆ ಬಂದಿದೆ. ಪೋಲರು ಅದನ್ನು ಸೊಸ್ನೋವ್ಸ್ಕಿಯ ಬಾರ್ಶ್ಚ್ ಎನ್ನುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಊಟಕ್ಕೆ ಬಡಿಸುವ ಸಾರಿಗೂ, ಮಕ್ಕಳೇ ಮುಟ್ಟಬೇಡಿ ಎನ್ನುವ ಗಿಡಕ್ಕೂ ಒಂದೇ ಹೆಸರು. ಹಳೆಯ ಗಿಡಮೂಲಿಕೆ ಪುಸ್ತಕ ಓದಿ ಬಾರ್ಶ್ಚ್ ಕೀಳಲು ಹೊರಡುವವರು ಯಾವ ಬಾರ್ಶ್ಚ್ ಎಂದು ಎರಡು ಸಲ ನೋಡಬೇಕು.

ಹೆಸರಿನ ಬಗ್ಗೆ ಇನ್ನೆರಡು ಸಣ್ಣ ಮಾತು. ಬೀಟ್‌ರೂಟಿಗೆ ಉಕ್ರೇನಿಯನ್ನಿನಲ್ಲಿ ಬುರ್ಯಾಕ್, ರಷ್ಯನ್ನರ ಎಲೆಕೋಸಿನ ಸಾರಿಗೆ ಶ್ಚಿ. ಎರಡೂ ಕೂಡಿ ಬೋರ್ಶ್ಚ್ ಆಯಿತು ಎಂಬ ಒಂದು ವಿವರಣೆ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಹಾಗಿದ್ದರೆ ಜೆಕ್ಕರ ಕಳೆಗಿಡಕ್ಕೆ ಆ ಹೆಸರು ಎಲ್ಲಿಂದ ಬಂತು? ಇನ್ನು ಇಂಗ್ಲಿಷಿನಲ್ಲಿ ಬೋರ್ಶ್ಟ್ ಎಂದು ಕೊನೆಗೊಂದು ಟ್ ಕೇಳಿಸುತ್ತದಲ್ಲ, ಅದು ಯಿದ್ದಿಶ್ ಭಾಷೆಯ ಗುರುತು. ಪೂರ್ವ ಯುರೋಪಿನ ಯಹೂದಿಗಳು ಈ ಸಾರನ್ನು ಅಮೆರಿಕಕ್ಕೆ ಒಯ್ದರು, ತಮ್ಮ ಉಚ್ಚಾರವನ್ನೂ ಜೊತೆಗೆ ಒಯ್ದರು. ಆ ಟ್ ಬೇಡ ಎಂದು ಈಗ ಅನೇಕ ಉಕ್ರೇನಿಯನ್ನರು ಹಟ ಹಿಡಿದಿದ್ದಾರೆ. ಅವರ ಹಟ ಅರ್ಥವಾಗುತ್ತದೆ. ಆದರೂ ಆ ಟ್ ಅಳಿಸಿದರೆ ಇನ್ನೊಂದು ಸಮುದಾಯದ ವಲಸೆಯ ಗುರುತು ಅಳಿಸಿಹೋಗುತ್ತದೆ ಎಂದು ನನಗನ್ನಿಸುತ್ತದೆ. ಕನ್ನಡದಲ್ಲಿ ನಾನು ಸುಮ್ನೆ ಬೋರ್ಶ್ ಎಂದು ಬರೆಯುತ್ತಿದ್ದೇನೆ, ಶ್ಚ್ ಎಂದು ಪ್ರತಿ ಸಾಲಿನಲ್ಲೂ ಬರೆದರೆ ಓದುವವರ ನಾಲಿಗೆಗೆ ಕಷ್ಟ.

ಹಾಗಾದರೆ ಪದದ ಇತಿಹಾಸ ಯಾರ ಪರ? ಯಾರ ಪರವೂ ಇಲ್ಲ. *ಬುರ್ಶ್ಚಿ ಎಂಬ ಮಾತು ಹುಟ್ಟಿದಾಗ ರಷ್ಯಾ, ಉಕ್ರೇನ್, ಪೋಲೆಂಡ್ ಯಾವುದೂ ಇರಲಿಲ್ಲ. ಎಲ್ಲರಿಗೂ ಅದು ಅಜ್ಜಿ ಆಸ್ತಿ, ಭಾಗವಾಗದ್ದು. ಹಾಗೆಂದು ಯುನೆಸ್ಕೋ ಮಾಡಿದ್ದು ತಪ್ಪು ಎಂದು ಹೇಳಲಾರೆ. ಅಲ್ಲಿ ಪಟ್ಟಿಗೆ ಸೇರಿದ್ದು ಪದವಲ್ಲ. ಉಕ್ರೇನಿನ ಹಳ್ಳಿ ಪಟ್ಟಣಗಳಲ್ಲಿ ಮದುವೆಗೆ, ಸಾವಿಗೆ, ಹಬ್ಬಕ್ಕೆ, ವಾರದ ದಿನಕ್ಕೆ ಬೋರ್ಶ್ ಮಾಡುವ ರೂಢಿ ಸೇರಿತು. ಯುದ್ಧದಿಂದ ಜನ ಊರು ಬಿಟ್ಟರು. ಕೈತೋಟ ಹೋಯಿತು, ಅಕ್ಕಪಕ್ಕದವರು ಚದುರಿದರು, ಆ ರೂಢಿ ಮುರಿಯುತ್ತಿದೆ ಎಂಬುದು ಸೇರಿಸಲು ಕೊಟ್ಟ ಕಾರಣ. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾರಿಗೂ ಹಕ್ಕುಪತ್ರ ಸಿಗುವುದಿಲ್ಲ ಎಂಬುದು ಯುನೆಸ್ಕೋದ ಯಾವತ್ತಿನ ನಿಲುವು. ಪತ್ರಿಕೆಗಳ ತಲೆಬರಹಕ್ಕೆ ಅದು ಬೇಕಿರಲಿಲ್ಲ, ಅಷ್ಟೇ.

ಪದ ನೋಡಿ ಅಡುಗೆಯ ಜಾತಿ ತೀರ್ಮಾನಿಸಿದರೆ ಏನಾಗುತ್ತದೆ ಎಂದು ನಾವೂ ಕಂಡಿದ್ದೇವೆ. 2025ರ ಮೇ ತಿಂಗಳಲ್ಲಿ ಜೈಪುರದ ಸಿಹಿ ಅಂಗಡಿಯೊಂದು ಮೈಸೂರು ಪಾಕ್ ಹೆಸರನ್ನು ಮೈಸೂರು ಶ್ರೀ ಎಂದು ಬದಲಾಯಿಸಿತು. ಪಾಕ್ ಎಂದರೆ ಪಾಕಿಸ್ತಾನ ಎಂಬ ಭಾವನೆ ಬರುತ್ತದಂತೆ. ಒಂದೆಳೆ ಪಾಕ ಬಂತಾ ಎಂದು ಬೆರಳಲ್ಲಿ ಎಳೆದು ನೋಡುವ ಯಾವ ಮನೆಯಲ್ಲೂ ಈ ಅನುಮಾನ ಹುಟ್ಟುತ್ತಿರಲಿಲ್ಲ.

ಇನ್ನು ವ್ಯಾಕರಣ. ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವರಿಗೆ ಮೂಲ ಸ್ಲಾವಿಕ್ ಅಷ್ಟೇನೂ ಹೆದರಿಕೆ ಹುಟ್ಟಿಸುವುದಿಲ್ಲ. ಸಂಬೋಧನೆ ಸೇರಿ ಏಳು ವಿಭಕ್ತಿ. ಏಕವಚನ, ದ್ವಿವಚನ, ಬಹುವಚನ. ಮೂರು ಲಿಂಗ. ನಮ್ಮ ಗಿಡ ಪುಲ್ಲಿಂಗ. ಪ್ರಥಮಾ *ಬುರ್ಶ್ಚಿ, ಷಷ್ಠೀ *ಬುರ್ಶ್ಚಾ, ಚತುರ್ಥೀ *ಬುರ್ಶ್ಚೂ, ತೃತೀಯಾ *ಬುರ್ಶ್ಚೆಮಿ. ಎರಡು ಗಿಡವಿದ್ದರೆ *ಬುರ್ಶ್ಚಾ, ಜಾಸ್ತಿ ಇದ್ದರೆ *ಬುರ್ಶ್ಚೀ. ರೊಟ್ಟಿಗಿದ್ದ *ಖ್ಲೇಬು ಎಂಬ ಪದಕ್ಕೆ ತೃತೀಯಾದಲ್ಲಿ ಓಮಿ ಹತ್ತುತ್ತದೆ, ಇದಕ್ಕೆ ಎಮಿ. ಕಾರಣ ಹಿಂದಿರುವ ಮೆದು ವ್ಯಂಜನ. ಮನೆಗೆ ಇಂದ ಸೇರಿದರೆ ನಡುವೆ ಯಕಾರ ಬರುವ ಹಾಗೆ, ಹಿಂದಿನ ಸದ್ದು ಮುಂದಿನದನ್ನು ತಿದ್ದುತ್ತದೆ. (ಅಂದ ಹಾಗೆ, ಆ ರೊಟ್ಟಿಯ ಪದವೂ ಜರ್ಮನ್ ಕುಲದ ಭಾಷೆಯಿಂದ ಬಂದ ಕಡ. ಇಂಗ್ಲಿಷಿನ ಲೋಫ್ ಅದರ ದಾಯಾದಿ.)

ಲಿಂಗದ ವಿಷಯ ಕನ್ನಡದವರಿಗೆ ತಮಾಷೆ ಅನ್ನಿಸಬಹುದು. ನಮಗೆ ಸಾರೂ ಅದು, ಗಂಜಿಯೂ ಅದು, ಹಾಲೂ ಅದು. ಆರಿತು ಎಂದರೆ ಮುಗಿಯಿತು. ರಷ್ಯನ್ನಿನಲ್ಲಿ ಬೋರ್ಶ್ಚ್ ಆರಿದರೆ ಒಸ್ತಿಲ್. ಗಂಜಿಯಂಥ ಕಾಶಾ ಆರಿದರೆ ಒಸ್ತಿಲ. ಹಾಲು, ಅಂದರೆ ಮೊಲೊಕೊ, ಆರಿದರೆ ಒಸ್ತಿಲೊ. ಆರಿದನು, ಆರಿದಳು, ಆರಿತು! ಒಂದೇ ಊಟದ ಮೇಜಿನ ಮೇಲೆ ಮೂರು ಲಿಂಗ ತಣ್ಣಗಾಗುತ್ತಿರುತ್ತವೆ.

ಷಷ್ಠೀ ವಿಭಕ್ತಿಯಲ್ಲಿ ಮಾತ್ರ ಒಂದು ಕಡೆ ದಾರಿ ಬೇರೆಯಾಗಿದೆ. ಒಂದು ತಟ್ಟೆ ಬೋರ್ಶ್ ಎನ್ನಲು ಸ್ಲಾವಿಕ್ ಭಾಷೆಗಳಲ್ಲಿ ಷಷ್ಠೀ ಬೇಕು, ಬೋರ್ಶಿನ ತಟ್ಟೆ ಎಂದ ಹಾಗೆ. ಮಾಸ್ಕೋದಲ್ಲಿ ತರೆಲ್ಕ ಬೋರ್ಶ್ಚಾ. ಮೂಲ ರೂಪ ಹಾಗೇ ಇದೆ. ಕೀವ್‌ನಲ್ಲಿ ತರಿಲ್ಕ ಬೋರ್ಶ್ಚು. ವಾರ್ಸಾದಲ್ಲೂ ಬಾರ್ಶ್ಚು. ಈ ಉಕಾರ *ಬುರ್ಶ್ಚಿಯದಲ್ಲ, ಇನ್ನೊಂದು ಗುಂಪಿನ ಪದಗಳಿಂದ ಬಂದದ್ದು. ಆ ಗುಂಪು ಚಿಕ್ಕದು, ಎಣಿಸಿದಷ್ಟು ಪದಗಳು. ಅದರಲ್ಲಿ ಒಂದು ಜೇನು, *ಮೆದು. ಸಂಸ್ಕೃತದ ಮಧು ಇದರ ಒಡಹುಟ್ಟು, ಅಲ್ಲೂ ಅದು ಉಕಾರಾಂತ. *ಮೆದುವಿನ ಷಷ್ಠೀ *ಮೆದೂ. ಗುಂಪು ಚಿಕ್ಕದಾದರೂ ಅದರ ಪ್ರತ್ಯಯ ಗಟ್ಟಿಪಿಂಡ. ಅಳೆದು, ಸುರಿದು ಕೊಡುವ ವಸ್ತುಗಳ ಹೆಸರಿಗೆಲ್ಲ ಮೆಲ್ಲಗೆ ಅಂಟಿಕೊಂಡಿತು. ಉಕ್ರೇನಿಯನ್, ಪೋಲಿಷ್‌ಗಳಲ್ಲಿ ಅದು ಬೋರ್ಶ್ ಅನ್ನೂ ಹಿಡಿಯಿತು.

ಇದನ್ನೇ ಗಡಿಗೆರೆ ಮಾಡಿಕೊಳ್ಳೋಣ ಎಂದರೆ ಅದೂ ಪೂರ್ತಿ ಆಗುವುದಿಲ್ಲ. ರಷ್ಯಾದ ಮನೆಮಾತಿನಲ್ಲಿ ಸ್ವಲ್ಪ ಚಹಾ ಕೊಡಲೇ ಎನ್ನಲು ಚಾಯು ಎನ್ನುವುದುಂಟು, ಅದೇ ಉಕಾರ. ಹಾಗೇ ಸೌಟು ಹಿಡಿದು ನಿಂತವರು ಇನ್ನೊಂಚೂರು ಬೋರ್ಶ್ಚು ಹಾಕಲೇ ಎಂದೂ ಕೇಳುತ್ತಾರೆ. ಕಳೆಗಿಡದ ಹೆಸರಿನ ತುದಿಗೆ ಜೇನಿನ ಉಕಾರ ಅಂಟಿಸಿಕೊಂಡು, ಬೀಟ್‌ರೂಟಿನ ಸಾರು ಬಡಿಸುತ್ತಾರೆ.